ಡೆಲ್ಮರನ ದಂಡದ ಡಬ್ಬಿ

ಡೆಲ್ಮರ್ ಸೆಡ್ಲಾಕ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಊರಿನ ವಾರಪತ್ರಿಕೆ ಅವನ ಬಗ್ಗೆ ನಾಲ್ಕು ಸಾಲು ಬರೆಯಿತು: ದನದ ಹರಾಜು ಕೂಗುತ್ತಿದ್ದ, ಮಧ್ಯಾಹ್ನದ ಕ್ಲಬ್ಬಿನ ಸದಸ್ಯನಾಗಿದ್ದ, ಹೆಂಡತಿ ಅರ್ಮಾ ಇದ್ದಾಳೆ, ಮಕ್ಕಳಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಇಷ್ಟಕ್ಕೇ ಮುಗಿಸಿಬಿಡುವುದು ನನಗೆ ಸರಿಕಾಣಲಿಲ್ಲ. ನಮ್ಮ ಪುಟ್ಟ ಊರು ಪ್ಲಮ್ ಫೋರ್ಕಿನ ಮುಖ್ಯರಸ್ತೆಯಲ್ಲಿ ಹೋಟೆಲು ನಡೆಸುವವಳು ನಾನು. ಊಟಕ್ಕೆ ಕೂಡಿ ಊರ ಕೆಲಸಕ್ಕೆ ಹಣ ಎತ್ತುವ ಆ ಕ್ಲಬ್ಬು ಪ್ರತಿ ಮಂಗಳವಾರ ಮಧ್ಯಾಹ್ನ ಸೇರುವುದು ನನ್ನ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಯಾರು ಏನು ತಿನ್ನುತ್ತಾರೆ, ಯಾರು ಏನನ್ನು ತಟ್ಟೆಯಂಚಿಗೆ ಸರಿಸುತ್ತಾರೆ ಎನ್ನುವುದು ನನ್ನಷ್ಟು ಇನ್ನಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಡೆಲ್ಮರನ ಮಟ್ಟಿಗೆ ಆ ಹೆಮ್ಮೆ ಸುಳ್ಳಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಹರಾಜು ಕಟ್ಟೆಯ ಮೇಲೆ ಅವನನ್ನು ನೋಡದವರಿಗೆ ಅವನ ನಾಲಿಗೆಯ ಓಟವನ್ನು ಹೇಳಿ ತಿಳಿಸುವುದು ಕಷ್ಟ. ಹೋರಿ ಒಂದು ಬಾಗಿಲಿಂದ ಒಳಗೆ ಬಂದು, ಮರದ ಪುಡಿಯ ಮೇಲೆ ಒಂದು ಸುತ್ತು ಹಾಕಿ, ಇನ್ನೊಂದು ಬಾಗಿಲಿಂದ ಹೊರಗೆ ಹೋಗುವಷ್ಟರಲ್ಲಿ ಅವನು ಅದರ ತೂಕ, ತಳಿ, ಒಡೆಯನ ಹೆಸರು ಎಲ್ಲ ಹೇಳಿ, ಸವಾಲು ಏರಿಸಿ, ಇಳಿಸಿ, ಕೊಂಡವನ ಹೆಸರನ್ನೂ ಕೂಗಿ ಮುಗಿಸುತ್ತಿದ್ದ. ಕೇಳುತ್ತ ಕೂತವರಿಗೆ ಉಸಿರು ಕಟ್ಟಬೇಕು, ಅವನಿಗಲ್ಲ. ಅದೇ ಮನುಷ್ಯ ಕಟ್ಟೆ ಇಳಿದು ಬಂದು ನನ್ನ ಹೋಟೆಲಿನ ಬಾಗಿಲು ತೆಗೆದರೆ, ನನ್ನ ಹೆಸರು ಹೇಳಲು ಕೂಡ ಒದ್ದಾಡುತ್ತಿದ್ದ. ಡೆಲ್ಮರನಿಗೆ ಉಗ್ಗು. ಹುಟ್ಟಿದಾಗಿನಿಂದಲೂ.

ಮನೆಯಲ್ಲಿ ಚೆಕ್ ಭಾಷೆ, ಶಾಲೆಯಲ್ಲಿ ಇಂಗ್ಲಿಷು, ಎರಡರಲ್ಲೂ ಮಾತು ಗಂಟಲಲ್ಲೇ ಕೂರುತ್ತಿತ್ತಂತೆ. ಮೇಷ್ಟರು ಹಿಂದಿನ ಬೆಂಚಿಗೆ ಕಳಿಸಿ, ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಮೀಸೆ ಮೂಡುವ ವಯಸ್ಸಿನಲ್ಲಿ ಒಂದು ಸಂಜೆ ಅಪ್ಪನ ಹಸುಗಳ ಹಾಲು ಕರೆಯುತ್ತ, ಹರಾಜು ಕೂಗುವವನನ್ನು ಅಣಕಿಸಿ ರಾಗ ಎಳೆದ. ಮಾತು ಬಂತು. ನಿಲ್ಲಲೇ ಇಲ್ಲ. ರಾಗಕ್ಕೆ ಸಿಕ್ಕ ಮಾತು ಉಗ್ಗುವುದಿಲ್ಲ ಎಂದು ಈಗ ಓದಿದವರು ಹೇಳುತ್ತಾರೆ, ಆಗ ಅವನಿಗೆ ಹೇಳುವವರಿರಲಿಲ್ಲ. ಹೊಟ್ಟೆಪಾಡಿಗೆ ಅವನು ಹರಾಜು ಹಿಡಿದ ಎಂದು ಊರು ತಿಳಿದಿತ್ತು. ವಾರಕ್ಕೆ ಒಂದು ದಿನವಾದರೂ ಬಾಯಿ ತುಂಬ ಮಾತಾಡಲಿಕ್ಕೆ ಹಿಡಿದ ಎಂದು ಅರ್ಮಾ ನನಗೆ ಹೇಳಿದ್ದಳು.

ಇನ್ನು ನಮ್ಮೂರಿನ ಜನ. ಒಳ್ಳೆಯವರು, ತೊಂದರೆ ಇರುವುದೇ ಅಲ್ಲಿ. ನಿಮ್ಮ ಗಾಡಿ ಕೆಸರಲ್ಲಿ ಹೂತರೆ ಕೇಳುವ ಮೊದಲೇ ಮೂರು ಟ್ರಕ್ಕು ನಿಲ್ಲುತ್ತವೆ, ಸರಪಳಿ ಬಿಗಿದು ಎಳೆದುಹಾಕಿ, ಥ್ಯಾಂಕ್ಸ್ ಹೇಳಲೂ ಬಿಡದೆ ಹೋಗುತ್ತವೆ. ಮಾತು ಹೂತರೂ ಹಾಗೇ. ಡೆಲ್ಮರ್ ಒಂದಕ್ಷರಕ್ಕೆ ಸಿಕ್ಕಿಕೊಂಡರೆ ಸಾಕು, ಸುತ್ತ ಇದ್ದವರು ತಲಾ ಒಂದೊಂದು ಪದ ಎತ್ತಿ ಕೊಡುವರು. ಅವನು ಅದರಲ್ಲಿ ಹತ್ತಿರದ ಒಂದನ್ನು ಆರಿಸಿ ತಲೆಯಾಡಿಸುವನು. ನಾನೂ ಕಡಿಮೆಯವಳಲ್ಲ. ಅವನು ಮೊದಲ ಸಲ ಗುರುವಾರ ಊಟಕ್ಕೆ ಬಂದು ಬಾಯಿ ತೆರೆಯಲು ಹೆಣಗಿದಾಗ, "ಇವತ್ತಿನ ಸ್ಪೆಷಲ್ ತಾನೇ? ಗೊತ್ತಾಯ್ತು ಬಿಡು" ಎಂದು, ಈರುಳ್ಳಿ ಹಾಕಿ ಹುರಿದ ಲಿವರ್ ತಂದಿಟ್ಟೆ. ಅಲ್ಲಿಂದ ಪ್ರತಿ ಗುರುವಾರ ಅವನು ಕೂರುವ ಮೊದಲೇ ತಟ್ಟೆ ತಯಾರು. ಅವನ ಇಷ್ಟ ನನಗೆ ಗೊತ್ತು, ಪಾಪ ಬಾಯಿಬಿಟ್ಟು ಕೇಳುವ ಕಷ್ಟ ಅವನಿಗೆ ಬೇಡ ಎಂದು ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಕ್ಲಬ್ಬಿನಲ್ಲಿ ಅವನಿಗೆ ಸಿಕ್ಕ ಕೆಲಸ ದಂಡ ವಸೂಲಿ. ಹಳೆಯ ಕಾಫಿಪುಡಿ ಡಬ್ಬಿಯೊಂದನ್ನು ಹಿಡಿದು, ಊಟದ ನಡುವೆ ಎದ್ದು, ತಪ್ಪು ಮಾಡಿದವರ ಮುಂದೆ ನಿಂತು ಜಣಜಣ ಅಲ್ಲಾಡಿಸುವುದು. ಬಾಯಿ ಬೇಕಿಲ್ಲದ ಹುದ್ದೆ. ಪೇಪರಿನಲ್ಲಿ ಫೋಟೋ ಬಂದರೆ ದಂಡ, ಹೊಸ ಪಿಕಪ್ ಕೊಂಡರೆ ದಂಡ, ಮಗ ಫುಟ್‌ಬಾಲಿನಲ್ಲಿ ಗೆದ್ದದ್ದನ್ನು ಎರಡು ಸಲ ಹೇಳಿದರೆ ದಂಡ. ಸಭೆ ಮಧ್ಯಾಹ್ನ ಒಂದು ಗಂಟೆಗೆ ಮುಗಿಯಬೇಕು, ಅದನ್ನು ಮೀರಿ ಮಾತಾಡಿದವರಿಗಂತೂ ತಪ್ಪಿದ್ದಲ್ಲ. ಒಂದು ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ ಹಾಕಿದರೆ ಮುಗಿಯಿತು. ಹೊರಗಿನ ಅತಿಥಿಗೆ ದಂಡವಿಲ್ಲ, ಮನೆಯಲ್ಲಿ ಸಾವಾದವರಿಗೂ ಇಲ್ಲ. ಯಾರನ್ನು ಕಂಡರೆ ಅಯ್ಯೋ ಅನ್ನಿಸುತ್ತದೋ ಅವರಿಗೂ ಇಲ್ಲ. ಡಬ್ಬಿ ನಿಮ್ಮ ಮುಂದೆ ನಿಂತಿತು ಎಂದರೆ ನೀವು ನಮ್ಮವರು ಎಂದರ್ಥ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಊರಿಗೆ ಹೊಸದಾಗಿ ಬಂದ ಪಶುವೈದ್ಯ ತನಗೆ ಮೊದಲ ದಂಡ ಬಿದ್ದ ದಿನ ಮನೆಗೆ ಫೋನು ಮಾಡಿ ಹೆಂಡತಿಗೆ ಹಿಗ್ಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಡಬ್ಬಿಯ ದುಡ್ಡು, ವಸಂತದಲ್ಲಿ ನಡೆಸುವ ಪ್ಯಾನ್‌ಕೇಕ್ ಊಟದ ದುಡ್ಡು, ಎಲ್ಲ ಸೇರಿ ಒಂದು ವಿದ್ಯಾರ್ಥಿವೇತನಕ್ಕೆ ಹೋಗುತ್ತಿತ್ತು. ಮಾತು ಮತ್ತು ಕಿವಿಯ ಚಿಕಿತ್ಸೆ ಓದುವವರಿಗೆ. ಟ್ರ್ಯಾಕ್ಟರ್ ಸದ್ದಿನಲ್ಲಿ ಅರ್ಧ ಊರು ಕಿವುಡಾದ ಮೇಲೆ ಹಿಂದಿನವರು ಹಾಕಿದ ಏರ್ಪಾಟು ಅದು. ನಮ್ಮ ಶಾಲೆಗಳಲ್ಲಿ ಆ ಕೆಲಸಕ್ಕೆ ಯಾರೂ ಉಳಿದಿರಲಿಲ್ಲ. ಮಾತು ಬಾರದ ಮಗುವನ್ನು ತಾಯಂದಿರು ವಾರವಾರ ಎಷ್ಟೋ ಮೈಲಿ ಆಚೆಯ ಪೇಟೆಗೆ ಕರೆದೊಯ್ಯಬೇಕು. ಹಿಂದೆ ಹಣ ಪಡೆದ ಇಬ್ಬರು ಹುಡುಗಿಯರು ಓದಿ ಮುಗಿಸಿ ದೂರದ ಡೆನ್ವರ್ ನಗರಕ್ಕೆ ಹಾರಿದರು, ಈಗ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾರೆ. ಅದಕ್ಕೇ ಕ್ಲಬ್ಬು ಒಂದು ನಿಯಮ ಮಾಡಿತು. ಹಣ ಕೇಳುವವರು ಮಂಗಳವಾರದ ಊಟಕ್ಕೆ ಬಂದು, ಎಲ್ಲರ ಎದುರು ನಿಂತು, ಓದಿ ಏನು ಮಾಡುತ್ತೇವೆ ಎನ್ನುವುದನ್ನು ಸ್ವಂತ ಬಾಯಲ್ಲಿ ಹೇಳಬೇಕು. ಆಮೇಲೆ ಕೈಯೆತ್ತಿ ತೀರ್ಮಾನ.

ನಾನು ಹೇಳಹೊರಟ ವರ್ಷ ಆ ಹಣ ಕೇಳಿದವಳು ಟ್ರೀನಾ ಬಾರ್ಟೆಕ್. ಡೆಲ್ಮರನ ಹರಾಜು ಕಟ್ಟೆಯ ಕೆಳಗೆ ಕೂತು ದನಗಳ ತೂಕ ಬರೆದುಕೊಳ್ಳುತ್ತಿದ್ದ ಹುಡುಗಿ. ಡಿಗ್ರಿ ಮುಗಿದಿತ್ತು, ಲಿಂಕನ್ ನಗರದ ವಿಶ್ವವಿದ್ಯಾಲಯದಲ್ಲಿ ಮುಂದಿನ ಎರಡು ವರ್ಷದ ಓದಿಗೆ ಸೀಟೂ ಸಿಕ್ಕಿತ್ತು. ಆ ಎರಡು ವರ್ಷ ಓದದೆ ಈ ಕಸುಬು ಮಾಡಲು ಬಿಡುವುದಿಲ್ಲ. ಕ್ಲಬ್ಬಿನ ಹಣ ಬರದಿದ್ದರೆ ಅವಳು ತೂಕ ಬರೆದುಕೊಂಡೇ ಇರಬೇಕು. ಅವಳಿಗೂ ಉಗ್ಗಿತ್ತು. ಡೆಲ್ಮರನದು ಒಂದೇ ಅಕ್ಷರ ಹತ್ತಾರು ಸಲ ಬರುವ ಉಗ್ಗು. ಅವಳದು ಹೆಚ್ಚಾಗಿ ಸದ್ದಿಲ್ಲದ್ದು. ಬಾಯಿ ತೆರೆದಿರುತ್ತದೆ, ಕಣ್ಣು ನಿಮ್ಮ ಮೇಲೇ ಇರುತ್ತದೆ, ಮಾತು ಮಾತ್ರ ನಿಂತಿರುತ್ತದೆ. ಅದೂ ತನ್ನದೇ ಹೆಸರಿಗೆ, ಬೇಕೇಬೇಕಾದ ಪದಕ್ಕೆ.

ಅವಳು ಮಾತಾಡಲು ಬಂದ ಮಂಗಳವಾರ ಕೋಣೆ ತುಂಬಿತ್ತು. ಹಸಿರು ಕೋಟು ಹಾಕಿಕೊಂಡಿದ್ದಳು, ಕೈಯಲ್ಲಿ ಚೀಟಿ ಇರಲಿಲ್ಲ. ಅಲ್ಲಲ್ಲಿ ನಿಂತರೂ ಚೆನ್ನಾಗಿಯೇ ಹೇಳಿದಳು. ಕಿವಿ ಕೇಳದ ಮಗುವನ್ನು ದಡ್ಡ ಎಂದು ಹೇಗೆ ಕೂರಿಸುತ್ತಾರೆ ಎಂದು ಹೇಳಿದಳು, ತಾನು ಅಂಗಡಿಗೆ ಹೋದರೆ ಹೆಸರು ಸುಲಭವಾಗಿ ಬರುವ ಸಾಮಾನನ್ನಷ್ಟೇ ಕೊಂಡು ಬರುತ್ತಿದ್ದ ಕಾಲದ ಬಗ್ಗೆ ಹೇಳಿದಳು. ಕೊನೆಗೆ, "ಓದು ಮುಗಿಸಿದ ಮೇಲೆ ನಾನು" ಎಂದಳು. ಅಲ್ಲಿ ನಿಂತಿತು.

ನಾನು ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈಯಲ್ಲಿ ಸಿಹಿಯ ತಟ್ಟೆ ಹಿಡಿದು ನಿಂತಿದ್ದೆ. ಚಮಚದ ಸದ್ದು ನಿಂತಿತು. ಒಬ್ಬ ಕೆಮ್ಮಿದ. ಅವಳ ಬಾಯಿ ತೆರೆದೇ ಇತ್ತು. ಕ್ಲಬ್ಬಿನ ಅಧ್ಯಕ್ಷ ವೆಂಡೆಲ್ ಕ್ರಾಟ್ಸ್, ಊರಿನ ಶವಸಂಸ್ಕಾರದ ಮನೆ ನಡೆಸುವವನು. ದುಃಖದಲ್ಲಿ ಇರುವವರನ್ನು ಯಾವ ಗಳಿಗೆಯಲ್ಲಿ ಮೊಣಕೈ ಹಿಡಿದು ಕುರ್ಚಿಗೆ ಕೂರಿಸಬೇಕೆಂದು ಬಲ್ಲವನು. ಅವನಿಗೆ ತಡೆಯಲಾಗಲಿಲ್ಲ. ಚಪ್ಪಾಳೆ ತಟ್ಟಿದ. ಪಕ್ಕದವನು ತಟ್ಟಿದ. ಮರುಕ್ಷಣ ಇಡೀ ಕೋಣೆ ಎದ್ದು ನಿಂತು ತಟ್ಟಿತು. ಕೆಲವರ ಕಣ್ಣಲ್ಲಿ ನೀರೂ ಇತ್ತು. ನನ್ನ ಕೈ ಖಾಲಿಯಿದ್ದರೆ ನಾನೂ ತಟ್ಟುತ್ತಿದ್ದೆ. ಟ್ರೀನಾ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು, ಬಾಯಿ ಮುಚ್ಚಿದಳು, ಕೂತಳು. ಒಪ್ಪಿದವರು ಕೈಯೆತ್ತಿ ಎಂದ ವೆಂಡೆಲ್. ಎಲ್ಲರೂ ಎತ್ತಿದರು, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಸಭೆ ಮುಗಿದ ಮೇಲೆ ಅವಳು ನನ್ನ ಅಡುಗೆಮನೆಗೆ ಬಂದಳು. ಡೆಲ್ಮರ್ ಡಬ್ಬಿಯನ್ನು ಶೆಲ್ಫಿನಲ್ಲಿಡಲು ಅಲ್ಲೇ ಬಂದಿದ್ದ.

"ಸಿಕ್ತಲ್ಲ ಕಣೇ. ಯಾಕೆ ಮುಖ ಹಿಂಗೆ?" ಎಂದೆ.

"ನ... ನಾನಿನ್ನೂ ಮುಗ್ಸಿರ್ಲಿಲ್ಲ, ಐಲೀನ್."

"ವಾಪಸ್ ಬರ್ತೀನಿ ಅಂತ ತಾನೇ ಹೇಳೋದಿತ್ತು? ಎಲ್ರಿಗೂ ಅರ್ಥ ಆಯ್ತು ಬಿಡು."

"ಅದಲ್ಲ ನಾನು ಹೇಳೋಕಿದ್ದದ್ದು." ಗೋಡೆಗೆ ಒರಗಿ ನಿಂತಳು. "ಈ ದುಡ್ಡು ನಂಗೆ ಬೇಡ. ವೆಂಡೆಲ್‌ಗೆ ಹೇಳ್ಬಿಡ್ತೀನಿ. ಪಾಪ ಅಂತ ಕೊಟ್ಟಿದ್ದು ಅದು. ನಾಳೆ ಆ ಮಕ್ಕಳಿಗೆ ನಾನು ಏನ್ ಕಲಿಸ್ಲಿ? ಬಾಯಿ ತೆರ್ಕೊಂಡು ನಿಂತ್ಕೊಳ್ರೋ, ಜನ ಚಪ್ಪಾಳೆ ತಟ್ತಾರೆ, ಕೂತ್ಕೊಳ್ಳಿ ಅಂತಾನಾ?"

"ಹುಚ್ಚು ಹುಡುಗಿ ಥರ ಆಡ್ಬೇಡ. ಇನ್ನೇನ್ ಮಾಡ್ತೀಯ? ಆ ದನಗಳ ತೂಕ ಬರ್ಕೊಂಡು ಮುದುಕಿ ಆಗ್ತೀಯಾ?"

"ದನಗಳು ಚ... ಚಪ್ಪಾಳೆಯಂತೂ ತಟ್ಟಲ್ಲ" ಎಂದು ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು.

ಡೆಲ್ಮರ್ ಡಬ್ಬಿಯನ್ನು ಶೆಲ್ಫಿನಲ್ಲಿಟ್ಟು, ಮತ್ತೆ ತೆಗೆದು, ಕಂಕುಳಲ್ಲಿ ಇಟ್ಟುಕೊಂಡು ಹೋದ. ಅದನ್ನು ಅವನು ಮನೆಗೆ ಒಯ್ದದ್ದು ಅದೇ ಮೊದಲು. ಗುರುವಾರ ಊಟಕ್ಕೂ ಬರಲಿಲ್ಲ. ಅವನ ಲಿವರನ್ನು ಬೇರೆ ಯಾರಿಗೋ ಹಾಕಿದೆ.

ಮುಂದಿನ ಮಂಗಳವಾರ ಅವನು ಬಂದಾಗ ಜೊತೆಗೆ ಟ್ರೀನಾ ಇದ್ದಳು. ಅವಳ ಮುಖ ನೋಡಿದರೆ ಇಷ್ಟವಿಲ್ಲದೆ ಬಂದವಳು ಎಂದು ಗೊತ್ತಾಗುತ್ತಿತ್ತು. ವೆಂಡೆಲ್ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟ. ಕಾಫಿ ಬಗ್ಗಿಸುವ ಹೊತ್ತಿಗೆ ಡೆಲ್ಮರ್ ಡಬ್ಬಿ ತೆಗೆದುಕೊಂಡು ಎದ್ದ. ಮೊದಲ ಮೇಜಿನ ಮೊದಲ ಮನುಷ್ಯನ ಮುಂದೆ ನಿಂತು ಅಲ್ಲಾಡಿಸಿದ. ಅವನು ನಕ್ಕು, ಏನೋ ಮಾಡಿರಬೇಕು ಎಂದು ನಾಣ್ಯ ಹಾಕಿದ. ಡೆಲ್ಮರ್ ಅವನ ಪಕ್ಕದವನ ಮುಂದೆ ನಿಂತ. ಆಮೇಲೆ ಅವನ ಪಕ್ಕದವನ ಮುಂದೆ. ಯಾರನ್ನೂ ಬಿಡಲಿಲ್ಲ. ನಗು ಕಡಿಮೆಯಾಗುತ್ತ ಬಂತು. ಶಾಲಾ ಮಂಡಳಿಯಲ್ಲಿದ್ದ ಮುದುಕ ಓರ್ವಿಲ್, ಒಂದು ಸೆಂಟನ್ನೂ ಸುಮ್ಮನೆ ಬಿಡದವನು, ನಾಣ್ಯವನ್ನು ಹಿಡಿದುಕೊಂಡೇ ಕೂತ.

"ಏನ್ ತಪ್ಪು ಅಂತ ಹೇಳು, ಹಾಕ್ತೀನಿ. ನಾನು ಪೇಪರಿನಲ್ಲಿ ಬಂದಿಲ್ಲ, ಹೊಸ ಗಾಡಿ ತಗೊಂಡಿಲ್ಲ, ಮಗ ಆಟ ಆಡಲ್ಲ."

ಡೆಲ್ಮರ್ ಬಾಯಿ ತೆರೆದ. ಕ್ಲಬ್ಬಿನಲ್ಲಿ ಅವನು ಮಾತಿಗೆ ಬಾಯಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ.

"ಚ್... ಚ್... ಚ..."

"ಚಂದಾನಾ?" ಎಂದ ಒಬ್ಬ. "ಚೆಕ್ಕಾ?" ಎಂದ ಇನ್ನೊಬ್ಬ. ಡೆಲ್ಮರ್ ಇಬ್ಬರ ಮುಂದೆಯೂ ಹೋಗಿ ಮತ್ತೊಮ್ಮೆ ಡಬ್ಬಿ ಅಲ್ಲಾಡಿಸಿದ. ಅವರು ಎರಡನೆಯ ನಾಣ್ಯ ಹಾಕಿದರು. ಆಮೇಲೆ ಯಾರೂ ಪದ ಕೊಡಲು ಹೋಗಲಿಲ್ಲ.

"ಚ... ಚಪ್ಪಾಳೆಗೆ" ಎಂದ. ಬೆವರು ಇಳಿಯುತ್ತಿತ್ತು. "ಅವಳು ಮ್... ಮುಗಿಸೋಕ್ ಮುಂಚೆ ತ... ತಟ್ಟಿದ್ರಿ. ಅವಳು ಏನ್ ಹೇಳೋಕಿದ್ಲು ಅಂತ ನಿ... ನಿಮಗ್ಯಾರಿಗೂ ಗೊತ್ತಿಲ್ಲ. ಗೊತ್ತು ಅಂದ್ಕೊಂಡ್ರಿ."

ವೆಂಡೆಲ್‌ನ ಕಿವಿ ಕೆಂಪಾಯಿತು. "ಅವಳ ಒಳ್ಳೇದಕ್ಕೇ ಕಣೋ ಮಾಡಿದ್ದು. ಒದ್ದಾಡ್ತಿದ್ಲು, ನೋಡಕ್ಕಾಗ್ಲಿಲ್ಲ."

ಡೆಲ್ಮರ್ ಇಡೀ ಕೋಣೆ ದಾಟಿಕೊಂಡು ಅಡುಗೆಮನೆಯ ಬಾಗಿಲಿಗೆ, ನನ್ನ ಹತ್ತಿರ ಬಂದ. ಡಬ್ಬಿ ಅಲ್ಲಾಡಿಸಿದ.

"ನಾನು ತಟ್ಟಿಲ್ಲಪ್ಪ. ಕೈಯಲ್ಲಿ ತಟ್ಟೆ ಇತ್ತು, ಬೇಕಾದ್ರೆ ಕೇಳು" ಎಂದೆ, ಸ್ವಲ್ಪ ಜಂಬದಿಂದಲೇ.

"ಐ... ಐಲೀನ್. ನಂಗೆ ಲ್... ಲ್..."

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗಡಿಯಾರದ ಸದ್ದು ಕೇಳುತ್ತಿತ್ತು. ಒಬ್ಬ ಮನುಷ್ಯ ಮಾತಿಗೆ ಒದ್ದಾಡುವಾಗ ಸುಮ್ಮನೆ ನಿಲ್ಲುವುದು ಎಂಥ ಕಷ್ಟದ ಕೆಲಸ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಲಿವರ್ ಅಂದ್ರೆ ಆಗಲ್ಲ."

ಓರ್ವಿಲ್‌ನೇ ಮೊದಲು ಬಾಯಿಬಿಟ್ಟ. "ಲೋ, ಇಷ್ಟು ವರ್ಷ ತಿಂದ್ಯಲ್ಲೋ."

"ಬ್... ಬೇಡ ಅನ್ನೋದಕ್ಕಿಂತ ತ... ತಿನ್ನೋದೇ ಸುಲಭ ಇತ್ತು."

ನಾನು ಗಲ್ಲಾಪೆಟ್ಟಿಗೆಯಿಂದ ಕ್ವಾರ್ಟರ್ ತಂದು ಹಾಕಿದೆ. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅಷ್ಟು ವರ್ಷ ಅವನಿಗೆಂದು ಎಲ್ಲಕ್ಕಿಂತ ಎಳೆಯ ತುಂಡನ್ನೇ ಆರಿಸಿಡುತ್ತಿದ್ದೆ. ಓರ್ವಿಲ್ ತಾನು ಹಿಡಿದುಕೊಂಡಿದ್ದ ನಾಣ್ಯವನ್ನು ಕೂತಲ್ಲಿಂದಲೇ ಡಬ್ಬಿಗೆ ಎಸೆದ, ಗುರಿ ತಪ್ಪಿತು, ಬಗ್ಗಿ ಎತ್ತಿ ಹಾಕಿದ.

ಡೆಲ್ಮರ್ ತನ್ನ ಕುರ್ಚಿಗೆ ಹೋಗಿ ಕೂತು ಟ್ರೀನಾಳ ಕಡೆ ನೋಡಿದ. ಅವಳು ಎದ್ದು ನಿಂತಳು. ಕೋಟನ್ನೂ ಬಿಚ್ಚಿರಲಿಲ್ಲ.

"ಓದು ಮುಗಿಸಿದ ಮೇಲೆ ನಾನು" ಎಂದಳು. ಅಲ್ಲೇ ನಿಂತಿತು, ಹೋದ ವಾರ ನಿಂತಲ್ಲೇ. ವೆಂಡೆಲ್ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. ಉಳಿದವರು ಕಾಫಿ ಬಟ್ಟಲನ್ನೋ ತಮ್ಮ ಬೂಟನ್ನೋ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿ ಅವಳನ್ನೇ ನೋಡಿದರು. ಮಾತು ಬಂತು.

"ವಾಪಸ್ ಬರ್ತೀನಿ, ಒಂದು ರೂಮು ಕೊಟ್ರೆ ಮಾತ್ರ. ಶಾಲೇಲಿ ಈ ಕೆಲಸಕ್ಕೆ ಅಂತ ಇಟ್ಟಿರೋದು ಬ್... ಬ್ಯಾಂಡಿನ ಕೋಣೆ ಪಕ್ಕದ ಗೂಡು. ಅಲ್ಲಿ ಕಹಳೆ ಊದ್ತಾ ಇರ್ತಾರೆ. ಆ ಸದ್ದಲ್ಲಿ ಮಗೂ ಕಿವಿ ಪರೀಕ್ಷೆ ಮಾಡಿದ್ರೆ ಊರಿನ ಮಕ್ಕಳೆಲ್ಲ ಕಿವುಡ್ರು ಅಂತ ಬರುತ್ತೆ. ಹಿಂದೆ ಓದಿದೋರು ಡೆನ್ವರಿಗೆ ಹೋದ್ರು ಅಂತ ಬೈತೀರಲ್ಲ, ಅವರಲ್ಲಿ ಒಬ್ರು ನ... ನಂಗೆ ಹೇಳಿದ್ದು ಇದು. ಓದು ಮುಗಿಸಿ ಊರಿಗೆ ಬಂದೋರು, ಆ ಗೂಡು ನೋಡಿ ವಾಪಸ್ ಹೋದ್ರಂತೆ."

ಕೋಣೆಯಲ್ಲಿ ಮೊದಲ ಸಲ ಗುಜುಗುಜು ಎದ್ದಿತು. ಹೋದ ವಾರ ಕಣ್ಣೊರೆಸಿಕೊಂಡಿದ್ದವರೆಲ್ಲ ಈಗ ಹುಬ್ಬು ಗಂಟಿಕ್ಕಿದ್ದರು.

"ರೂಮು ಎಲ್ಲಿಂದ ತರೋಣ?" ಎಂದ ಓರ್ವಿಲ್. "ಶಾಲೇಲಿ ಜಾಗ ಇಲ್ಲ. ಈಗಿನ್ನೂ ಓದೇ ಶುರುವಾಗಿಲ್ಲ, ಆಗ್ಲೇ ಷರತ್ತು ಹಾಕ್ತೀಯಲ್ಲಮ್ಮ."

"ಟ್ರೋಫಿ ಇಡೋಕೆ ಒಂದು ರ್... ರೂಮಿದೆ."

"ಅದು ಟ್ರೋಫಿ ರೂಮು."

"ಟ್ರೋಫಿಗೆ ಕಿವಿ ಕೇಳ್ಬೇಕಾಗಿಲ್ಲ, ಓರ್ವಿಲ್."

ಈಗ ನಕ್ಕರು. ಓರ್ವಿಲ್ ಮಾತ್ರ ನಗಲಿಲ್ಲ. ಅವನು ವಾದ ಹೂಡಿದ, ಅವಳು ಉತ್ತರ ಕೊಟ್ಟಳು. ಅವಳು ನಿಂತಾಗಲೆಲ್ಲ ಅವನು ಮೂಗಲ್ಲಿ ಉಸಿರು ಬಿಡುತ್ತ ಕಾದ, ಕಾದು ಮತ್ತೆ ಜಗಳಕ್ಕೆ ಬಿದ್ದ. ಆ ವಾದದಲ್ಲಿ ಮರುಕ ಎನ್ನುವುದು ಒಂದು ಚೂರೂ ಇರಲಿಲ್ಲ. ಟ್ರೀನಾಳ ಕೆನ್ನೆ ಕೆಂಪೇರಿತ್ತು, ಖುಷಿಗೋ ಕೋಪಕ್ಕೋ ಹೇಳಲಾರೆ. ಒಂದು ಗಂಟೆ ಹೊಡೆದು ಹೋದದ್ದನ್ನು ಗಮನಿಸಿದವಳು ನಾನೊಬ್ಬಳೇ ಎಂದುಕೊಂಡೆ. ಅಂಗಡಿಗಳ ಬಾಗಿಲು ತೆರೆಯಬೇಕಾದವರು ಕೂಡ ಎದ್ದಿರಲಿಲ್ಲ.

ವೆಂಡೆಲ್ ಕೊನೆಗೆ ಗಂಟಲು ಸರಿಮಾಡಿಕೊಂಡು, ಹೋದ ವಾರದ್ದು ಲೆಕ್ಕಕ್ಕಿಲ್ಲ, ಮತ್ತೆ ಕೈಯೆತ್ತಿ ಎಂದ. ಕೈಗಳು ಎದ್ದವು. ಓರ್ವಿಲ್‌ನದು ಏಳಲಿಲ್ಲ.

"ನಂದು ವಿರೋಧ" ಎಂದ. "ರೂಮಿನ ವಿಷಯ ನಂಗೆ ಒಪ್ಪಿಗೆ ಇಲ್ಲ. ಹುಡುಗಿ ಓದ್ಲಿ, ಅದು ಬೇರೆ."

ಟ್ರೀನಾ ಅವನ ಕಡೆ ತಿರುಗಿ, "ಥ್ಯಾಂಕ್ಸ್, ಓರ್ವಿಲ್" ಎಂದಳು. ಕೈಯೆತ್ತಿದವರಲ್ಲಿ ಒಬ್ಬರಿಗೂ ಹಾಗೆ ಹೇಳಲಿಲ್ಲ. ಹಣವನ್ನು ತೆಗೆದುಕೊಳ್ಳುತ್ತಾಳೆ ಎಂದು ನನಗೆ ಗೊತ್ತಾದದ್ದು ಆಗ.

ಎಲ್ಲರೂ ಕುರ್ಚಿ ಹಿಂದೆ ಸರಿಸುತ್ತಿರುವಾಗ ಡಬ್ಬಿಯ ಸದ್ದು ಮತ್ತೆ ಕೇಳಿತು. ಡೆಲ್ಮರ್ ಟ್ರೀನಾಳ ಮುಂದೆ ನಿಂತು ಅಲ್ಲಾಡಿಸುತ್ತಿದ್ದ.

"ನ... ನಂಗ್ಯಾಕೆ?" ಎಂದಳು.

ಅವನು ಗೋಡೆಯ ಗಡಿಯಾರದ ಕಡೆ ಗದ್ದ ಎತ್ತಿ ತೋರಿಸಿದ.

ಅವಳು ಗಡಿಯಾರ ನೋಡಿದಳು, ಡಬ್ಬಿ ನೋಡಿದಳು. ಕೋಟಿನ ಒಂದು ಜೇಬು ತಡಕಿದಳು, ಇನ್ನೊಂದು ತಡಕಿದಳು. ಕರವಸ್ತ್ರ ಬಂತು, ಹರಾಜಿನ ಚೀಟಿ ಬಂತು, ನಾಣ್ಯ ಬರಲಿಲ್ಲ. ವೆಂಡೆಲ್ ಎಷ್ಟಾದರೂ ಒಳ್ಳೆಯವನು. ತನ್ನ ಜೇಬಿನಿಂದ ಕ್ವಾರ್ಟರ್ ತೆಗೆದು ಅವಳ ಪರವಾಗಿ ಹಾಕಲು ಕೈ ಚಾಚಿದ. ಡೆಲ್ಮರ್ ಡಬ್ಬಿಯ ಬಾಯಿಗೆ ಅಂಗೈ ಮುಚ್ಚಿದ. ಅವಳು ತನ್ನ ನಾಣ್ಯವನ್ನು ತಾನೇ ಹುಡುಕಿ ತೆಗೆಯುವವರೆಗೆ ಹಾಗೇ ನಿಂತು ಕಾದ, ನಾವೆಲ್ಲರೂ ಕಾದೆವು.